ಮೂರು ಗುಲಗಂಜಿ ಮದ್ದು, ಮೂವತ್ತು ಥೌ ಉದ್ದ

ಟೆಕ್ ಫೆಸ್ಟ್ ಹತ್ರ ಬಂತು ಅಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಒಂದೇ ಪ್ರಶ್ನೆ ಎಲ್ಲ ಕಡೆ ಕೇಳಿಸುತ್ತೆ: "ಮ್ಯಾಕ್ಸಿಮಮ್ ಎಷ್ಟು ತಡೆಯುತ್ತೆ?" ರಾಕೆಟ್ ಮಾಡೋ ಟೀಮ್ ಇದನ್ನೇ ಕೇಳುತ್ತೆ, ಪಿವಿಸಿ ಪೈಪಿನಲ್ಲಿ ಆಲೂಗಡ್ಡೆ ಹಾರಿಸೋ ಟೀಮ್ ಇದನ್ನೇ ಕೇಳುತ್ತೆ, ಡ್ರೋನ್ ಬ್ಯಾಟರಿಯವರೂ ಇದನ್ನೇ ಕೇಳ್ತಾರೆ. ಉತ್ತರವಾಗಿ ಒಂದು ನಂಬರ್ ಸಿಕ್ಕಿದ ತಕ್ಷಣ ಎಲ್ಲರೂ ಅಲ್ಲಿಂದಲೇ ಕೆಲಸ ಶುರು ಮಾಡ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ ಅನ್ನೋದು ನಮ್ಮ ಅಭಿಪ್ರಾಯ. "ಎಲ್ಲಿಂದ ಶುರು ಮಾಡಬೇಕು? ಈ ನಂಬರ್ ಯಾವ ಷರತ್ತಿನ ಮೇಲೆ ನಿಂತಿದೆ?" ಅಂತ ಕೇಳಬೇಕು.

ಇದನ್ನ ವಾದಿಸೋಕೆ ನಾವು ಆರಿಸಿಕೊಂಡಿರೋ ಉದಾಹರಣೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಪಿಸ್ತೂಲಿನ ತೋಟಾಗೆ ಎಷ್ಟು ಮದ್ದು ಹಾಕಬೇಕು, ತೋಟಾ ಎಷ್ಟು ಉದ್ದ ಇರಬೇಕು ಅನ್ನೋದು. ಯಾಕೆ ಇದೇ ವಿಷಯ ಅಂದ್ರೆ, ಇಲ್ಲಿ ಲೆಕ್ಕ ತಪ್ಪಿದರೆ ರಿಸಲ್ಟ್ ಬರೋಕೆ ಸೆಮಿಸ್ಟರ್ ಕಾಯಬೇಕಿಲ್ಲ, ಒಂದು ಸೆಕೆಂಡಿನ ಸಾವಿರದ ಒಂದು ಭಾಗ ಸಾಕು. ಆಮೇಲೆ ಬೆರಳು, ಕಣ್ಣು ವಾಪಸ್ ಬರಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸೋದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. 9 ಎಂಎಂ ಪಿಸ್ತೂಲಂತೂ ನಮ್ಮ ದೇಶದಲ್ಲಿ ಪೊಲೀಸರದ್ದು, ಸೈನ್ಯದ್ದು. ಹಾಗಾಗಿ ಯಾವ ಮದ್ದು, ಎಷ್ಟು ಅನ್ನೋ ಪಾಕವಿಧಾನ ಈ ಬರಹದಲ್ಲಿಲ್ಲ. ಅದನ್ನ ಆರಿಸೋರು ಹೇಗೆ ಯೋಚನೆ ಮಾಡ್ತಾರೆ ಅನ್ನೋದಷ್ಟೇ ನಮಗೆ ಬೇಕಾಗಿರೋದು.

ತೋಟಾ ಅಂದ್ರೆ ಏನು

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಇದಕ್ಕೆಲ್ಲ ಕನ್ನಡ ಪದ ಇದೆ ಅನ್ನೋದೇ ಗೊತ್ತಿರಲ್ಲ. ಮಲೆನಾಡಿನ ಕಡೆಯ ಗೆಳೆಯರಿಗೆ ಗೊತ್ತು. ಕಾಟ್ರಿಜ್‌ಗೆ ತೋಟಾ, ಪ್ರೈಮರ್‌ಗೆ ಕೇಪು, ಒಳಗಿನ ಪೌಡರ್‌ಗೆ ಮದ್ದು, ಮುಂದೆ ಹೋಗೋದಕ್ಕೆ ಗುಂಡು, ಸಣ್ಣ ಸಣ್ಣ ಸೀಸದ ಕಾಳಾದರೆ ಚರೆ. ಒಂದು ಸಲ ಹಾರಿಸೋಕೆ ತುಂಬೋದು ಈಡು.

ಹಾರಿಸಿದ ಮೇಲೆ ಗುಂಡು ಹೋಗುತ್ತೆ, ಮದ್ದು ಉರಿದುಹೋಗುತ್ತೆ, ಕೇಪು ಕೆಲಸ ಮುಗಿಸುತ್ತೆ. ಉಳಿಯೋದು ಹಿತ್ತಾಳೆಯ ಚಿಪ್ಪು. ಇಡೀ ತೋಟಾದಲ್ಲಿ ದುಬಾರಿ ಭಾಗವೂ ಅದೇ. ಹಾಗಾಗಿ ಅಮೆರಿಕದಂಥ ದೇಶಗಳಲ್ಲಿ ಗುರಿ ಸ್ಪರ್ಧೆಗೆ ಹೋಗೋರು ಆ ಚಿಪ್ಪನ್ನ ಇಟ್ಟುಕೊಂಡು, ಸರಿಯಾದ ಅಳತೆಗೆ ಒತ್ತಿ, ಹೊಸ ಕೇಪು ಕೂರಿಸಿ, ಮದ್ದು ಹಾಕಿ, ಹೊಸ ಗುಂಡು ಕೂರಿಸ್ತಾರೆ. ನಮ್ಮ ಮಲೆನಾಡಲ್ಲೂ ಹಿಂದೆ ತೋಟಾ ಕೋವಿಯ ಖಾಲಿ ಚಿಪ್ಪಿಗೆ ಮತ್ತೆ ಮದ್ದು, ಚರೆ ತುಂಬೋರು ಇದ್ದರು.

ಈ ಕೆಲಸದಲ್ಲಿ ಎರಡು ಅಳತೆ ಮುಖ್ಯ. ಒಂದು ಮದ್ದಿನ ತೂಕ. ಇನ್ನೊಂದು, ಗುಂಡು ಕೂರಿಸಿದ ಮೇಲೆ ತೋಟಾದ ಒಟ್ಟು ಉದ್ದ. ಎರಡೂ ಬೇರೆ ಬೇರೆ ಅಂತ ಮೊದಲ ನೋಟಕ್ಕೆ ಅನ್ನಿಸುತ್ತೆ. ಅಪಾಯ ಶುರುವಾಗೋದೇ ಅಲ್ಲಿಂದ.

ಗುಲಗಂಜಿ ಲೆಕ್ಕ

ಮದ್ದನ್ನ ಅಳೆಯೋದು ಗ್ರೇನ್ ಅನ್ನೋ ಹಳೇ ಮಾನದಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡ್, ಅಂದ್ರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಚಿನ್ನ ತೂಗ್ತಿದ್ದ ಗುಲಗಂಜಿ ಇದರ ಎರಡರಷ್ಟಕ್ಕೆ ಹತ್ರ ಬರುತ್ತೆ, ಸುಮಾರು 120 ಮಿಲಿಗ್ರಾಂ. 9 ಎಂಎಂ ತೋಟಾದೊಳಗೆ ಸಾಮಾನ್ಯವಾಗಿ ಇರೋ ಮದ್ದು ಅರ್ಧ ಗ್ರಾಂ ಕೂಡ ಇಲ್ಲ. ಎರಡು ಮೂರು ಗುಲಗಂಜಿ ತೂಕ, ಅಷ್ಟೇ.

ಅಷ್ಟು ಮದ್ದು ಎಷ್ಟು ಒತ್ತಡ ಹುಟ್ಟಿಸುತ್ತೆ? ಅಮೆರಿಕದ ಮದ್ದುಗುಂಡು ತಯಾರಕರ ಮಾನದಂಡ ಸಂಸ್ಥೆ ಸಾಮಿ, 9 ಎಂಎಂ ಲೂಗರ್ ತೋಟಾಗೆ ಇಟ್ಟಿರೋ ಗರಿಷ್ಠ ಸರಾಸರಿ ಒತ್ತಡ ಚದರ ಇಂಚಿಗೆ 35,000 ಪೌಂಡ್. ನಮ್ಮ ಮನೆಯ ಪ್ರೆಷರ್ ಕುಕ್ಕರ್ ಕೆಲಸ ಮಾಡೋದು ಸುಮಾರು 15 ಪೌಂಡ್‌ನಲ್ಲಿ. ಅಂದ್ರೆ ಎರಡು ಸಾವಿರ ಕುಕ್ಕರ್‌ಗೂ ಮೀರಿದ ಒತ್ತಡ ಒಂದು ಹೆಬ್ಬೆರಳಿನ ತುದಿಯಷ್ಟು ಜಾಗದಲ್ಲಿ. ಮೆಗಾಪ್ಯಾಸ್ಕಲ್‌ನಲ್ಲಿ ಹೇಳಿದರೆ 241. ಮೈಲ್ಡ್ ಸ್ಟೀಲ್‌ನ ಯೀಲ್ಡ್ ಸ್ಟ್ರೆಂಥ್ ಸುಮಾರು 250 ಅಂತ ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ಬರೆದುಕೊಂಡಿದ್ದು ನೆನಪಿರಬೇಕಲ್ವಾ? ಪಿಸ್ತೂಲಿನ ನಳಿಗೆಗೆ ಒಳ್ಳೆಯ ಮಿಶ್ರಲೋಹ ಯಾಕೆ ಬೇಕು ಅಂತ ಇದರಿಂದ ಗೊತ್ತಾಗುತ್ತೆ. ಇನ್ನೂ ಒಂದು ವ್ಯತ್ಯಾಸ ಇದೆ. ಕುಕ್ಕರ್‌ಗೆ ವಿಸಿಲ್ ಇದೆ, ಅದು ಕಟ್ಟಿಕೊಂಡರೆ ಸೇಫ್ಟಿ ವಾಲ್ವ್ ಇದೆ. ತೋಟಾಗೆ ಎರಡೂ ಇಲ್ಲ. ತೂಗಿದವರ ಕೈಯೇ ಅದರ ಸೇಫ್ಟಿ ವಾಲ್ವ್.

ಹಾಗಾಗಿ ಮದ್ದಿನ ಕಂಪನಿಗಳು ಕೈಪಿಡಿ ಅಚ್ಚು ಹಾಕ್ತವೆ. ಪ್ರತಿ ಮದ್ದಿಗೂ, ಪ್ರತಿ ಗುಂಡಿಗೂ ಎರಡು ನಂಬರ್ ಕೊಡ್ತವೆ, ಶುರುವಿನ ತೂಕ ಮತ್ತು ಗರಿಷ್ಠ ತೂಕ. ಶುರುವಿನದು ಸಾಮಾನ್ಯವಾಗಿ ಗರಿಷ್ಠಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ತಿಳಿದವರು ಯಾವತ್ತೂ ಕೆಳಗಿನ ನಂಬರ್‌ನಿಂದ ಹೊರಟು, ಸ್ವಲ್ಪ ಸ್ವಲ್ಪ ಏರಿಸಿ, ಪ್ರತಿ ಹೆಜ್ಜೆಯಲ್ಲೂ ಹಾರಿಸಿ ನೋಡಿ, ಗುರಿ ಚೆನ್ನಾಗಿ ಕೂರೋ ಕಡೆ ನಿಲ್ಲಿಸಿಬಿಡ್ತಾರೆ. ಎಷ್ಟೋ ಸಲ ಗರಿಷ್ಠದ ಹತ್ತಿರಕ್ಕೂ ಹೋಗಲ್ಲ. ಹೋಗೋ ಅಗತ್ಯವೇ ಇರಲ್ಲ.

ಯಾಕೆ ಇಷ್ಟು ಜಾಗ್ರತೆ? ಆ ಗರಿಷ್ಠ ಅನ್ನೋದು ಒಂದು ನಿರ್ದಿಷ್ಟ ನಳಿಗೆಯಲ್ಲಿ, ಒಂದು ನಿರ್ದಿಷ್ಟ ಗುಂಡಿನ ಜೊತೆ, ಒಂದು ನಿರ್ದಿಷ್ಟ ಕೇಪಿನಿಂದ, ಒಂದು ನಿರ್ದಿಷ್ಟ ಉದ್ದದಲ್ಲಿ ಸಿಕ್ಕಿದ್ದು. ನಿಮ್ಮ ಕೈಯಲ್ಲಿರೋ ನಳಿಗೆ ಒಳಗೆ ಒಂದು ಕೂದಲೆಳೆ ಬಿಗಿ ಇರಬಹುದು. ಚಿಪ್ಪಿನ ಗೋಡೆ ದಪ್ಪ ಇರಬಹುದು, ಆಗ ಒಳಗಿನ ಜಾಗ ಕಡಿಮೆ. ಗುಂಡು ಅದೇ ತೂಕದ್ದಾದರೂ ಬೇರೆ ಆಕಾರದ್ದಿರಬಹುದು. ಟೇಬಲ್‌ನಲ್ಲಿ ಒಂದು ನಂಬರ್ ಕಾಣುತ್ತೆ, ಅದರ ಹಿಂದೆ ನಾಲ್ಕೈದು ಷರತ್ತು ಸುಮ್ಮನೆ ನಿಂತಿರುತ್ತವೆ.

ಮೂವತ್ತು ಥೌ

ಈಗ ಉದ್ದದ ವಿಷಯ. ಮೂಡಲಪಾಳ್ಯದಿಂದ ಕಾಮಾಕ್ಷಿಪಾಳ್ಯದ ಕಡೆ ಹೋದರೆ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು, ಲೇತ್‌ಗಳು ಸಿಗ್ತವೆ. ಅಲ್ಲಿ ಕೆಲಸ ಮಾಡೋರು ಇಂಚಿನ ಸಾವಿರದ ಒಂದು ಭಾಗಕ್ಕೆ ಥೌ ಅಂತಾರೆ. ಮೂವತ್ತು ಥೌ ಅಂದ್ರೆ 0.76 ಮಿಲಿಮೀಟರ್. ಎಟಿಎಂ ಕಾರ್ಡಿನ ದಪ್ಪವೂ ಅಷ್ಟೇ. ಕಾರ್ಡ್ ಇದ್ದರೆ ಈಗಲೇ ತೆಗೆದು ಅಂಚು ನೋಡಿ.

ಅಮೆರಿಕದ ಸ್ಪೀರ್ ಕಂಪನಿಯ ಕೈಪಿಡಿಯಲ್ಲಿ ಒಂದು ಪರೀಕ್ಷೆಯ ಪ್ರಸ್ತಾಪ ಇದೆ, ರೀಲೋಡಿಂಗ್ ಮಾಡೋರ ನಡುವೆ ತುಂಬಾ ಪ್ರಸಿದ್ಧ. 9 ಎಂಎಂ ತೋಟಾದಲ್ಲಿ ಮದ್ದು ಬದಲಾಯಿಸಲಿಲ್ಲ, ಗುಂಡು ಬದಲಾಯಿಸಲಿಲ್ಲ. ಗುಂಡನ್ನ ಬೇಕಂತಲೇ ಮೂವತ್ತು ಥೌ ಒಳಗೆ ಒತ್ತಿ ಕೂರಿಸಿದರು. 28,000 ಇದ್ದ ಒತ್ತಡ 62,000ಕ್ಕೆ ಏರಿತು. ಈ ನಂಬರ್‌ಗಳು ತಾಮ್ರದ ಸಣ್ಣ ಸಿಲಿಂಡರ್ ಎಷ್ಟು ಚಪ್ಪಟೆ ಆಯ್ತು ಅಂತ ನೋಡಿ ಒತ್ತಡ ಹೇಳೋ ಹಳೇ ವಿಧಾನದವು. ಹಾಗಾಗಿ ಮೇಲೆ ಹೇಳಿದ 35,000ದ ಜೊತೆ ನೇರವಾಗಿ ಹೋಲಿಸೋ ಹಾಗಿಲ್ಲ. ಮಾನ ನೋಡದೆ ನಂಬರ್ ಹೋಲಿಸಬಾರದು ಅನ್ನೋದಕ್ಕೆ ಇದೂ ಒಂದು ಉದಾಹರಣೆ. ಆದರೆ ಎರಡು ಪಟ್ಟಿಗಿಂತ ಹೆಚ್ಚಾಯ್ತು ಅನ್ನೋದು ಎರಡೂ ನಂಬರ್ ಪಕ್ಕಪಕ್ಕ ಇಟ್ಟರೆ ಸಾಕು, ಗೊತ್ತಾಗುತ್ತೆ.

ನಾವು ಕೂತು ಲೆಕ್ಕ ಹಾಕಿದೆವು. ಗುಂಡಿನ ವ್ಯಾಸ ಸುಮಾರು 9 ಮಿಲಿಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 64 ಚದರ ಮಿಲಿಮೀಟರ್. 0.76ರಿಂದ ಗುಣಿಸಿದರೆ 49 ಘನ ಮಿಲಿಮೀಟರ್ ಜಾಗ ಕಡಿಮೆಯಾಯ್ತು. ಗುಂಡಿನ ಕೆಳಗೆ ಉಳಿಯೋ ಜಾಗ ಗುಂಡಿನ ಆಕಾರ ನೋಡಿಕೊಂಡು ಬದಲಾಗುತ್ತೆ, ಸುಮಾರು ಅರ್ಧ ಮಿಲಿಲೀಟರ್ ಅಂತಿಟ್ಟುಕೊಳ್ಳೋಣ. ಅಂದ್ರೆ ಕಡಿಮೆಯಾಗಿದ್ದು ನೂರಕ್ಕೆ ಹತ್ತು ಭಾಗದ ಆಸುಪಾಸು. ಪಿಯುಸಿಯಲ್ಲಿ ಕಲಿತ ಬಾಯ್ಲ್ ನಿಯಮ ಹಿಡಿದುಕೊಂಡು ಹೋದರೆ ಒತ್ತಡ ನೂರಕ್ಕೆ ಹತ್ತು ಹನ್ನೊಂದು ಹೆಚ್ಚಬೇಕಿತ್ತು. ಹೆಚ್ಚಿದ್ದು ನೂರಕ್ಕೆ ನೂರಿಪ್ಪತ್ತು.

ಬಾಯ್ಲ್ ತಪ್ಪಿಲ್ಲ. ಅವರ ನಿಯಮ ಸುಮ್ಮನೆ ಕೂತಿರೋ ಗಾಳಿಗೆ. ಇಲ್ಲಿರೋದು ಉರಿಯುತ್ತಿರೋ ಮದ್ದು. 1884ರಲ್ಲಿ ಹೊಗೆರಹಿತ ಮದ್ದನ್ನ ತಯಾರಿಸಿದ ಫ್ರಾನ್ಸಿನ ಪಾಲ್ ವಿಯೇ ಅವರ ಹೆಸರಿನಲ್ಲಿ ಒಂದು ನಿಯಮ ಇದೆ: ಮದ್ದು ಉರಿಯೋ ವೇಗ ಸುತ್ತಲಿನ ಒತ್ತಡದ ಜೊತೆ ಏರುತ್ತೆ. ಜಾಗ ಸ್ವಲ್ಪ ಇಕ್ಕಟ್ಟಾದರೆ ಒತ್ತಡ ಸ್ವಲ್ಪ ಬೇಗ ಏರುತ್ತೆ. ಒತ್ತಡ ಏರಿದ್ದಕ್ಕೆ ಮದ್ದು ಇನ್ನೂ ಜೋರಾಗಿ ಉರಿಯುತ್ತೆ. ಜೋರಾಗಿ ಉರಿದಿದ್ದಕ್ಕೆ ಒತ್ತಡ ಇನ್ನೂ ಏರುತ್ತೆ. ಗುಂಡು ಮುಂದೆ ಸರಿದು ಜಾಗ ಮಾಡಿಕೊಡೋ ಮೊದಲೇ ಇದೆಲ್ಲ ಮುಗಿದಿರುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿರೋ ಸೀನಿಯರ್‌ಗಳು ಇದನ್ನ ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ. ನಮ್ಮೂರ ಭಾಷೆಯಲ್ಲಿ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ.

ಹಾಗಂತ ಗುಂಡನ್ನ ಮುಂದಕ್ಕೆ ಬಿಟ್ಟರೆ ಕ್ಷೇಮವಾ? ಅದೂ ಅಲ್ಲ. 9 ಎಂಎಂ ತೋಟಾದ ಗರಿಷ್ಠ ಉದ್ದ 29.69 ಮಿಲಿಮೀಟರ್ ಅಂತ ಮಾನದಂಡ ಇದೆ. ಅದಕ್ಕಿಂತ ಉದ್ದ ಆದರೆ ಮ್ಯಾಗಜಿನ್‌ನಲ್ಲಿ ಕೂರಲ್ಲ. ಕೂತರೂ ಗುಂಡಿನ ಮೂತಿ ನಳಿಗೆಯ ತಿರುಗು ಗೆರೆಗಳಿಗೆ ಒತ್ತಿಕೊಂಡು ನಿಂತರೆ ಒತ್ತಡ ಮತ್ತೆ ಏರುತ್ತೆ. ಉದ್ದಕ್ಕೂ ಮೇಲೊಂದು ಮಿತಿ, ಕೆಳಗೊಂದು ಮಿತಿ ಇದೆ.

ಕಾರ್ಖಾನೆಯಲ್ಲಿ ಮಾಡಿದ ತೋಟಾಗೂ ಈ ತೊಂದರೆ ತಪ್ಪಿದ್ದಲ್ಲ. ಒಂದೇ ತೋಟಾವನ್ನ ಪಿಸ್ತೂಲಿಗೆ ಹಾಕಿ, ತೆಗೆದು, ಮತ್ತೆ ಹಾಕಿ ಮಾಡ್ತಾ ಇದ್ದರೆ ಪ್ರತಿ ಸಲ ಮೂತಿಗೆ ಪೆಟ್ಟು ಬಿದ್ದು ಗುಂಡು ಚೂರು ಚೂರೇ ಒಳಗೆ ಸರಿಯುತ್ತೆ. ದಿನಾ ಡ್ಯೂಟಿಗೆ ಪಿಸ್ತೂಲ್ ಲೋಡ್ ಮಾಡಿ ಇಳಿಸೋರಿಗೆ ಅದೇ ತೋಟಾವನ್ನ ಮತ್ತೆ ಮತ್ತೆ ಮೇಲೆ ಹಾಕಬೇಡಿ, ಹೊಸದರ ಪಕ್ಕ ಇಟ್ಟು ಉದ್ದ ನೋಡಿ ಅಂತ ಹೇಳೋದು ಇದಕ್ಕೇ.

ಉದ್ದವನ್ನ ಕಾವಲಿಗೆ ಬಳಸಿದ ಒಂದು ಒಳ್ಳೆ ಕಥೆಯೂ ಇದೆ. .38 ಸ್ಪೆಷಲ್ ಅನ್ನೋ ಹಳೇ ರಿವಾಲ್ವರ್ ತೋಟಾದ ಒತ್ತಡದ ಮಿತಿ 17,000 ಪೌಂಡ್. 1935ರಲ್ಲಿ .357 ಮ್ಯಾಗ್ನಮ್ ಬಂತು, ಇವತ್ತಿನ ಮಿತಿ 35,000. ಎರಡರ ಗುಂಡಿನ ವ್ಯಾಸವೂ ಒಂದೇ. ಹೊಸ ತೋಟಾವನ್ನ ಯಾರಾದರೂ ಹಳೇ ರಿವಾಲ್ವರ್‌ಗೆ ಹಾಕಿಬಿಟ್ಟರೆ? ಹಾಗಾಗದಿರಲಿ ಅಂತಲೇ ಹೊಸ ಚಿಪ್ಪನ್ನ ಸುಮಾರು ಮೂರೂವರೆ ಮಿಲಿಮೀಟರ್ ಉದ್ದ ಮಾಡಿದರು. ಹಳೇ ರಿವಾಲ್ವರ್‌ಗೆ ಅದು ಪೂರ್ತಿ ಒಳಗೇ ಹೋಗಲ್ಲ. ಎಚ್ಚರಿಕೆಯ ಚೀಟಿ ಅಂಟಿಸಿ ಸುಮ್ಮನಾಗಲಿಲ್ಲ, ತಪ್ಪು ಮಾಡೋಕೇ ಆಗದ ಹಾಗೆ ಮಾಡಿದರು. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಎರಡು ಬೇರೆ ವೋಲ್ಟೇಜಿಗೆ ಒಂದೇ ಥರದ ಕನೆಕ್ಟರ್ ಹಾಕೋರು ಇದನ್ನ ಗಮನಿಸಬೇಕು.

ಕಡಿಮೆಯೂ ಕ್ಷೇಮವಲ್ಲ

"ಹಾಗಾದ್ರೆ ಕಡಿಮೆ ಹಾಕಿದರಾಯ್ತು" ಅಂತ ಯಾರಾದರೂ ಅಂದೇ ಅಂತಾರೆ. ಮದ್ದು ತೀರಾ ಕಡಿಮೆಯಾದರೆ ಅಥವಾ ಹಾಕೋದೇ ಮರೆತುಹೋದರೆ, ಕೇಪಿನ ಶಕ್ತಿಯಿಂದಲೇ ಗುಂಡು ಸ್ವಲ್ಪ ದೂರ ಹೋಗಿ ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುತ್ತೆ. ಢಂ ಅನ್ನೋ ಬದಲು ಪುಸ್ ಅನ್ನುತ್ತೆ. ಅಷ್ಟಕ್ಕೆ ಅಪಾಯ ಇಲ್ಲ. ಅಪಾಯ ಇರೋದು ಮುಂದಿನದರಲ್ಲಿ. ಏನೋ ಸರಿಹೋಗಲಿಲ್ಲ ಅಂತ ಇನ್ನೊಂದು ಸಲ ಕುದುರೆ ಒತ್ತಿದರೆ ಹಿಂದಿನ ಗುಂಡು ಮುಂದೆ ಸಿಕ್ಕಿಕೊಂಡಿರೋದಕ್ಕೆ ಡಿಕ್ಕಿ ಹೊಡೆದು ನಳಿಗೆ ಉಬ್ಬುತ್ತೆ ಅಥವಾ ಸೀಳುತ್ತೆ. ಹಾಗಾಗಿ ಗುರಿ ಅಂಕಣಗಳಲ್ಲಿ ಒಂದು ನಿಯಮ ಇದೆ: ಸದ್ದು ಬೇರೆ ಥರ ಕೇಳಿಸಿದರೆ ನಿಲ್ಲಿಸು. ಇಳಿಸು. ನಳಿಗೆಯಲ್ಲಿ ಬೆಳಕು ಕಾಣುತ್ತಾ ನೋಡು. ಆಮೇಲೆ ಮಾತು.

ಇನ್ನೊಂದು ತುದಿಯ ತಪ್ಪು ಎರಡು ಸಲ ಮದ್ದು ಹಾಕಿಬಿಡೋದು. ಅನೇಕ ಪಿಸ್ತೂಲ್ ಮದ್ದುಗಳು ಚಿಪ್ಪಿನ ಅರ್ಧವನ್ನೂ ತುಂಬಲ್ಲ. ಎರಡನೇ ಈಡು ಸಲೀಸಾಗಿ ಹಿಡಿಸುತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಅದಕ್ಕೆ ಅನುಭವಿಗಳು ಮಾಡೋದೆಲ್ಲ ತೀರಾ ಸರಳ ಕೆಲಸ. ಮೇಜಿನ ಮೇಲೆ ಒಂದೇ ಡಬ್ಬಿ ಮದ್ದು, ಬೇರೆಲ್ಲ ಬೀರುವಿನಲ್ಲಿ. ಡಬ್ಬಿಯ ಲೇಬಲ್ ಬಿಟ್ಟು ಬೇರೆ ಯಾವುದನ್ನೂ ನಂಬಲ್ಲ, ಯಾಕಂದ್ರೆ ಎರಡು ಬೇರೆ ಮದ್ದು ಕಣ್ಣಿಗೆ ಒಂದೇ ಥರ ಕಾಣಬಹುದು. ತಕ್ಕಡಿಯನ್ನ ಗೊತ್ತಿರೋ ತೂಕ ಇಟ್ಟು ಪರೀಕ್ಷಿಸೋದು. ಗುಂಡು ಕೂರಿಸೋ ಮುಂಚೆ ಪ್ರತಿ ಚಿಪ್ಪಿನೊಳಗೂ ದೀಪ ಹಿಡಿದು ಮದ್ದಿನ ಮಟ್ಟ ನೋಡೋದು. ಫೋನ್, ಟಿವಿ, ಹರಟೆ ಆ ಕೋಣೆಯಲ್ಲಿ ಇರಲ್ಲ. ಇದರಲ್ಲಿ ಒಂದಕ್ಕೂ ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ. ತಾಳ್ಮೆ ಬೇಕು.

ಇದು ನಮ್ಮ ನೆಲಕ್ಕೆ ಹೊಸದಲ್ಲ

ಬೆಂಗಳೂರು ಪೇಟೆಯಲ್ಲಿ ತಾರಾಮಂಡಲ ಪೇಟೆ ಅಂತ ಒಂದು ಜಾಗ ಇದೆ. ಮೈಸೂರು ಸೈನ್ಯದ ರಾಕೆಟ್‌ಗಳ ಜೊತೆ ಅದರ ಹೆಸರು ಸೇರಿಕೊಂಡಿದೆ. ಹೈದರಾಲಿ, ಟಿಪ್ಪು ಕಾಲದ ಆ ರಾಕೆಟ್‌ಗಳ ದೊಡ್ಡ ಹೆಜ್ಜೆ ಏನಪ್ಪಾ ಅಂದ್ರೆ ಕಾಗದದ ಕೊಳವೆಯ ಬದಲು ಕಬ್ಬಿಣದ ಕೊಳವೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರಿಗೆ ಅವುಗಳ ಪೆಟ್ಟು ಗೊತ್ತಾಯ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮಾದರಿಗಳು ಇಂಗ್ಲೆಂಡಿಗೆ ಹೋದವು, ಕಾಂಗ್ರೀವ್ ರಾಕೆಟ್ ಹುಟ್ಟಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳುಬಾವಿಯಿಂದ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ನಾವು ಇದನ್ನ ಹೆಮ್ಮೆಯಿಂದ ಹೇಳಿಕೊಳ್ತೀವಿ, ಹೇಳಿಕೊಳ್ಳಬೇಕು ಕೂಡ. ಆದರೆ ಅದರಲ್ಲಿರೋ ಇಂಜಿನಿಯರಿಂಗ್ ಪಾಠ ಇದು: ಮೊದಲು ಕೊಳವೆ ಗಟ್ಟಿಯಾಯ್ತು, ಆಮೇಲೆ ಒತ್ತಡ ಏರಿತು. ಮದ್ದು ಮೊದಲು, ಕೊಳವೆ ಆಮೇಲೆ ಅಂತ ಹೋಗಿದ್ದರೆ ಪೊಳ್ಳಿಲೂರಿಗೆ ಮುಂಚೆ ನಮ್ಮವರೇ ಹೋಗಿರ್ತಿದ್ದರು.

ಮಲೆನಾಡು, ಕೊಡಗಿನ ಕೇಪಿನ ಕೋವಿಯ ಕಥೆಯೂ ಇದೇ. ಅದರ ಬಾಯಿಂದ ಕರಿಮದ್ದು ಸುರಿದು, ಸಲಾಕೆಯಿಂದ ಜಡಿದು, ಚರೆ ಹಾಕಿ ಈಡು ತುಂಬೋದು. ಕರಿಮದ್ದನ್ನ ಅಳೆಯೋದು ಪುಟ್ಟ ಅಳತೆಯಲ್ಲಿ, ಗಾತ್ರದ ಲೆಕ್ಕ. ಅದೇ ಅಳತೆ ತುಂಬಾ ಹೊಗೆರಹಿತ ಮದ್ದು ಹಾಕಿದರೆ ಕೋವಿ ಕೈಯಲ್ಲೇ ಸೀಳುತ್ತೆ. ಅಳತೆ ಅದೇ, ಕೋವಿ ಅದೇ, ಕೈಯೂ ಅದೇ. ಬದಲಾಗಿದ್ದು ಡಬ್ಬಿಯೊಳಗಿನ ವಸ್ತು ಮಾತ್ರ. ಒಂದು ಮದ್ದಿಗೆ ಹುಟ್ಟಿದ ಅಳತೆ ಆ ಮದ್ದಿನ ಜೊತೆಗೇ ಸಾಯಬೇಕು.

ನಮಗೂ ಇದಕ್ಕೂ ಏನು ಸಂಬಂಧ

ನಮ್ಮಲ್ಲಿ ಯಾರೂ ತೋಟಾ ತುಂಬಲ್ಲ ನಿಜ. ಆದರೆ ಫೆಸ್ಟ್‌ಗೆ ಮುಂಚೆ ಮೂಡಲಪಾಳ್ಯದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಪಿವಿಸಿ ಪೈಪ್ ಕೊಳ್ಳೋರು ನಾವೇ. ಪೈಪಿನ ಮೇಲೆ ಐಎಸ್ 4985 ಅಂತ, ಪಕ್ಕದಲ್ಲಿ 6 ಕೆಜಿ ಅಂತಲೋ 10 ಕೆಜಿ ಅಂತಲೋ ಅಚ್ಚಾಗಿರುತ್ತೆ. ಟೀಮ್‌ನಲ್ಲಿ ಒಬ್ಬರು ಅದನ್ನ ಓದಿ "ಹತ್ತು ತಡೆಯುತ್ತೆ ಮಗಾ, ಎಂಟು ಕೊಡೋಣ" ಅಂತಾರೆ. ಆ ನಂಬರ್ ಇರೋದು ನೀರಿಗೆ, ಅದೂ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು ಕುಗ್ಗಲ್ಲ, ಪೈಪ್ ಒಡೆದರೆ ಒಂದು ಚಿಮ್ಮು ಚಿಮ್ಮಿ ಒತ್ತಡ ಇಳಿಯುತ್ತೆ. ಗಾಳಿ ಸ್ಪ್ರಿಂಗ್ ಥರ ಶಕ್ತಿ ತುಂಬಿಕೊಂಡಿರುತ್ತೆ, ಪೈಪ್ ಚೂರಾಗಿ ಚಾಕುವಿನ ಹಾಗೆ ಹಾರುತ್ತೆ. ಬಿಸಿಲಲ್ಲಿ ಇಟ್ಟ ಪೈಪ್ ಇನ್ನೂ ಮೆತ್ತಗಾಗಿರುತ್ತೆ. ಗುಂಡನ್ನ ಮೂವತ್ತು ಥೌ ಒಳಗೆ ಒತ್ತಿದವರಿಗೂ ಇವರಿಗೂ ಏನು ವ್ಯತ್ಯಾಸ? ನಂಬರ್ ತಗೊಂಡರು, ಷರತ್ತು ಅಂಗಡಿಯಲ್ಲೇ ಬಿಟ್ಟು ಬಂದರು.

2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಏನಾಯ್ತು ಅಂತ ಎಲ್ಲರೂ ನೋಡಿದ್ದೀವಿ. ಕಾರ್ಬೈಡ್ ಗನ್ ಅಂತ ಹೇಳಿ ಮಾರಿದ ಪೈಪ್ ಆಟಿಕೆಗಳಿಂದ ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯ್ತು, ಹೆಚ್ಚಿನವರು ಮಕ್ಕಳು. ಆ ಪೈಪ್‌ಗೆ ಶುರುವಿನ ತೂಕ ಇಲ್ಲ, ಗರಿಷ್ಠ ಇಲ್ಲ, ಕೈಪಿಡಿ ಇಲ್ಲ. ಹೊತ್ತಲಿಲ್ಲ ಅಂತ ಬಗ್ಗಿ ಒಳಗೆ ನೋಡಿದವರ ಕಣ್ಣಿಗೇ ಬಡಿಯಿತು. ನಮ್ಮ ಊರಿನ ಮಿಂಟೋ ಕಣ್ಣಿನ ಆಸ್ಪತ್ರೆ ಪ್ರತಿ ದೀಪಾವಳಿಗೆ ಪಟಾಕಿ ಗಾಯಕ್ಕೆ ಅಂತ ಸಿದ್ಧವಾಗಿ ಕೂತಿರುತ್ತೆ. ತಾರಾಮಂಡಲ ಪೇಟೆಯಿಂದ ಅದು ಹೆಚ್ಚು ದೂರವೂ ಇಲ್ಲ.

ಇದಕ್ಕೆ ಎರಡು ಎದುರು ಮಾತು ಬರುತ್ತೆ ಅಂತ ನಮಗೆ ಗೊತ್ತು.

ಮೊದಲನೆಯದು: "ಫ್ಯಾಕ್ಟರ್ ಆಫ್ ಸೇಫ್ಟಿ ಇದ್ದೇ ಇರುತ್ತಲ್ಲ." ಇರುತ್ತೆ. ಅನೇಕ ದೇಶಗಳಲ್ಲಿ ಪಿಸ್ತೂಲನ್ನ ಮಾರೋ ಮುಂಚೆ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ಪರೀಕ್ಷಿಸ್ತಾರೆ. ಆದರೆ ಆ ಹೆಚ್ಚುವರಿ ಇರೋದು ಗೊತ್ತಿಲ್ಲದ ದೋಷಗಳಿಗೆ, ಲೋಹದೊಳಗಿನ ಸಣ್ಣ ಬಿರುಕಿಗೆ, ಬೇಸಿಗೆಯ ಬಿಸಿಗೆ, ತಕ್ಕಡಿಯ ಚೂರು ತಪ್ಪಿಗೆ. ಕಷ್ಟಕಾಲಕ್ಕೆ ಅಂತ ಅಜ್ಜಿ ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡು ಅದು. ಗೊತ್ತಿದ್ದೂ ಗೊತ್ತಿದ್ದೂ ಅದನ್ನ ಖರ್ಚು ಮಾಡಿದರೆ ಕಷ್ಟ ಬಂದ ದಿನ ಡಬ್ಬಿ ಖಾಲಿ ಇರುತ್ತೆ. ಥರ್ಡ್ ಇಯರ್‌ನಲ್ಲಿ ಡಿಸೈನ್ ಪೇಪರ್‌ಗೆ ಮಹದೇವನ್ ಮತ್ತು ಬಾಲವೀರ ರೆಡ್ಡಿ ಅವರ ಡೇಟಾ ಹ್ಯಾಂಡ್‌ಬುಕ್ ಹಿಡಿದುಕೊಂಡು ಹೋಗೋ ಸೀನಿಯರ್‌ಗಳನ್ನ ಕೇಳಿ. ಟೇಬಲ್‌ನ ನಂಬರ್ ಬೇಗ ಸಿಗುತ್ತೆ. ಅದರ ಕೆಳಗಿನ ಸಣ್ಣ ಅಕ್ಷರ ಓದೋದಕ್ಕೆ ಮಾರ್ಕ್ಸ್ ಇಲ್ಲ, ಹಾಗಾಗಿ ಓದೋರೂ ಕಡಿಮೆ.

ಎರಡನೆಯದು: "ಇಷ್ಟೆಲ್ಲ ಹೆದರಿದರೆ ಹೊಸದೇನೂ ಮಾಡೋಕಾಗಲ್ಲ." ಹೊಸದು ಮಾಡೋರು ಹೇಗೆ ಮಾಡ್ತಾರೆ ನೋಡೋಣ. ಇಸ್ರೋದವರು ಮಹೇಂದ್ರಗಿರಿಯಲ್ಲಿ ಸೆಮಿ ಕ್ರಯೋಜೆನಿಕ್ ಇಂಜಿನ್ ಪರೀಕ್ಷೆ ಮಾಡ್ತಿದ್ದಾರೆ. 2023ರ ಜುಲೈನಲ್ಲಿ ಮೊದಲ ಬಿಸಿ ಪರೀಕ್ಷೆಗೆ ಇಟ್ಟುಕೊಂಡಿದ್ದ ಅವಧಿಯೇ 4.5 ಸೆಕೆಂಡ್. 1.9 ಸೆಕೆಂಡ್ ಆಗೋ ಹೊತ್ತಿಗೆ ಟರ್ಬೈನ್ ಒತ್ತಡ ಇದ್ದಕ್ಕಿದ್ದ ಹಾಗೆ ಏರಿತು, ಅಲ್ಲಿಗೇ ನಿಲ್ಲಿಸಿದರು. 2025ರ ಮಾರ್ಚ್‌ನಲ್ಲಿ 2.5 ಸೆಕೆಂಡ್ ಓಡಿಸಿದರು. ಏಪ್ರಿಲ್‌ನಲ್ಲಿ 3.5 ಸೆಕೆಂಡ್. ಅದೂ ಪೂರ್ತಿ ಶಕ್ತಿಯಲ್ಲಲ್ಲ, ನೂರಕ್ಕೆ ಅರವತ್ತರವರೆಗೆ. ದೇಶದ ಅತ್ಯಂತ ಬುದ್ಧಿವಂತ ರಾಕೆಟ್ ಇಂಜಿನಿಯರ್‌ಗಳು ಒಂದೊಂದು ಸೆಕೆಂಡ್ ಏರಿಸ್ತಾ ಹೋಗ್ತಾರೆ. ಎರಡು ವಾರದಲ್ಲಿ ಫೆಸ್ಟ್‌ಗೆ ತಯಾರಾಗೋ ನಾವು ಮೊದಲ ದಿನವೇ ಫುಲ್ ಪವರ್ ಯಾಕೆ?

ಕಾಮಾಕ್ಷಿಪಾಳ್ಯದ ಲೇತ್ ಮುಂದೆ ನಿಂತಿರೋ ಅಣ್ಣಂದಿರಿಗೂ ಇದು ಗೊತ್ತು. 20 ಮಿಲಿಮೀಟರ್ ಶಾಫ್ಟ್ ಬೇಕು ಅಂದ್ರೆ ನೇರವಾಗಿ 20ಕ್ಕೆ ಹೋಗಲ್ಲ. ಸ್ವಲ್ಪ ದಪ್ಪ ಉಳಿಸಿ, ಅಳೆದು, ಸಣ್ಣ ಕಟ್ ಕೊಟ್ಟು, ಮತ್ತೆ ಅಳೆದು, ಆಮೇಲೆ ಕೊನೆ ಕಟ್. ತೆಗೆದ ಲೋಹ ವಾಪಸ್ ಅಂಟಿಸೋಕಾಗಲ್ಲ ಅನ್ನೋದು ಅವರಿಗೆ ಕೈಯಲ್ಲೇ ಗೊತ್ತಿದೆ.

ಏನು ಮಾಡಬೇಕು

ಫೆಸ್ಟ್ ಕಮಿಟಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ಒತ್ತಡ, ಬೆಂಕಿ ಅಥವಾ ಹೆಚ್ಚು ಕರೆಂಟ್ ಇರೋ ಯಾವ ಪ್ರಾಜೆಕ್ಟ್ ಆದರೂ ಮೈದಾನಕ್ಕೆ ಬರೋ ಮುಂಚೆ ಒಂದು ಪುಟ ತುಂಬಿಸಿ ಕೊಡಲಿ.

ಆ ಪುಟದಲ್ಲಿ ಮೊದಲು ಶುರುವಿನ ಮಟ್ಟ, ಆಮೇಲೆ ಗರಿಷ್ಠ ಮಟ್ಟ ಇರಲಿ. ಗರಿಷ್ಠದ ಪಕ್ಕದಲ್ಲಿ ಅದು ಎಲ್ಲಿಂದ ಬಂತು, ಯಾವ ಷರತ್ತಿನಲ್ಲಿ ಅಂತ ಬರೆಯಲಿ. "ಯೂಟ್ಯೂಬ್‌ನಲ್ಲಿ ನೋಡಿದ್ದು" ಅನ್ನೋದು ಉತ್ತರ ಅಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ. ಒತ್ತಡ ಏರಿಸಿದ ದಿನ ಪೈಪಿನ ಉದ್ದ ಬದಲಾಯಿಸಬೇಡಿ. ಎರಡನ್ನೂ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗೋದೂ ಇಲ್ಲ.

ಟೀಮ್‌ಗೆ ಸೇರದ ಇನ್ನೊಬ್ಬರು ಬಂದು ನೋಡಿ ಸಹಿ ಹಾಕಲಿ. ಕಟ್ಟಿದವರ ಕಣ್ಣಿಗೆ ತಮ್ಮ ತಪ್ಪು ಕಾಣಲ್ಲ, ಚಿಪ್ಪಿನೊಳಗೆ ದೀಪ ಹಿಡಿಯೋಕೆ ಬೇರೆ ಕಣ್ಣು ಬೇಕು.

ನಿರೀಕ್ಷೆ ಮಾಡದ ಸದ್ದು, ಮೀಟರ್‌ನಲ್ಲಿ ನಿರೀಕ್ಷೆ ಮಾಡದ ಜಿಗಿತ, ಏನೇ ಆಗಲಿ, ಅವತ್ತಿನ ಪ್ರದರ್ಶನ ಅಲ್ಲಿಗೆ ಮುಗೀತು. ಜನ ಕಾಯ್ತಿದ್ದಾರೆ, ಜಡ್ಜ್ ಬಂದಿದ್ದಾರೆ ಅನ್ನೋದು ಎರಡನೇ ಸಲ ಒತ್ತೋಕೆ ಕಾರಣ ಆಗಬಾರದು. ನಿಲ್ಲಿಸಿದ ಟೀಮ್‌ನ ಮಾರ್ಕ್ಸ್ ಕಡಿಮೆ ಮಾಡಲ್ಲ ಅಂತ ಕಮಿಟಿ ಮೊದಲೇ ಹೇಳಲಿ. ಇದು ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ನಿಲ್ಲಿಸೋಕೆ ಹೆದರೋದು ಮಾರ್ಕ್ಸ್ ಹೋಗುತ್ತೆ ಅಂತಲೇ.

ಮದ್ದು, ಕಾರ್ಬೈಡ್, ಪಿವಿಸಿಯಲ್ಲಿ ಒತ್ತಿದ ಗಾಳಿ, ಈ ಮೂರಕ್ಕೆ ಪುಟವೂ ಬೇಡ, ಪರ್ಮಿಷನ್ನೂ ಬೇಡ. ನೇರವಾಗಿ ಬೇಡ ಅನ್ನಿ.

ಪುಟದ ಒಂದು ನಮೂನೆಯನ್ನ ನಾವೇ ಕನ್ನಡದಲ್ಲಿ ತಯಾರು ಮಾಡಿದ್ದೀವಿ. ಮುಂದಿನ ಫೆಸ್ಟ್ ಮೀಟಿಂಗ್‌ನಲ್ಲಿ ಅದನ್ನ ಮೇಜಿನ ಮೇಲೆ ಇಡ್ತೀವಿ. ಒಪ್ಪೋರೂ ಬನ್ನಿ, "ಇದೆಲ್ಲ ಓವರ್ ಆಯ್ತು" ಅನ್ನೋರೂ ಬನ್ನಿ. ಬರುವಾಗ ನಿಮ್ಮ ಪ್ರಾಜೆಕ್ಟ್‌ನ ಮ್ಯಾಕ್ಸಿಮಮ್ ಜೊತೆಗೆ ಶುರುವಿನ ನಂಬರನ್ನೂ ಬರೆದುಕೊಂಡು ಬನ್ನಿ.